ಶಿಕಾರಿಪುರ, ಸೊರಬ ಮತ್ತು ಒಂದು ಸೇಫ್ಟಿ ವಾಲ್ವು

ಶಿಕಾರಿಪುರ ಸೊರಬಗಳ ಸೀಮೆಯನ್ನು ಕುರಿತು ಬರೆಯಹೊರಟವರಿಗೆ ವಿಷಯದ ಬಡತನವೆಂಬುದಿಲ್ಲ. ತಾಳಗುಂದದ ಪ್ರಣವೇಶ್ವರನ ಮುಂದೆ ಕದಂಬರ ವಂಶಚರಿತ್ರೆಯನ್ನು ಹೇಳುವ ಶಿಲಾಸ್ತಂಭ ನಿಂತಿದೆ. ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳಿವೆ, ಅಲ್ಲಮಪ್ರಭುವಿನ ಹೆಸರಿದೆ. ಉಡುತಡಿಯಲ್ಲಿ ಅಕ್ಕಮಹಾದೇವಿಯ ಸ್ಮರಣೆಯಿದೆ. ಈಸೂರಿನಲ್ಲಿ ೧೯೪೨ರ ಹೋರಾಟದ, ೧೯೪೩ರಲ್ಲಿ ಗಲ್ಲಿಗೇರಿದ ಐವರ ಕಥೆಯಿದೆ. ಸೊರಬದಲ್ಲಿ ಗುಡಿಗಾರರ ಶ್ರೀಗಂಧದ ಕೆತ್ತನೆ, ಅದರಿಂದಾಚೆಗೆ ಚಂದ್ರಗುತ್ತಿಯ ರೇಣುಕಾಂಬೆಯ ಬೆಟ್ಟ. ಇವುಗಳನ್ನೆಲ್ಲ ನಮಗಿಂತ ಬಲ್ಲವರು ಬಹಳವಾಗಿ ಬರೆದಿರುವರು. ನಾವು ಕಳೆದ ವೈಶಾಖದಲ್ಲಿ ಆ ಕಡೆಗೆ ಹೋದುದು ದೇವದರ್ಶನಕ್ಕೂ ಅಲ್ಲ, ಶಾಸನ ಓದುವುದಕ್ಕೂ ಅಲ್ಲ. ನಮ್ಮ ಕೈಚೀಲದಲ್ಲಿ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಅದರೊಳಗೆ ಹಿತ್ತಾಳೆಯ ಸೇಫ್ಟಿ ವಾಲ್ವೊಂದು, ಒತ್ತಡ ತೋರಿಸುವ ಮುಳ್ಳಿನ ಗೇಜೊಂದು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಎರಡು, ಬಗೆಬಗೆಯ ವಾಷರುಗಳು ಹತ್ತು ಹನ್ನೆರಡು. ಸೊರಬದಲ್ಲಿರುವ ನಮ್ಮ ಭಾವನವರು ಮದುವೆ ಮುಂಜಿಗಳಿಗೆ ಪಾತ್ರೆ, ಶಾಮಿಯಾನಗಳನ್ನು ಬಾಡಿಗೆಗೆ ಕೊಡುವವರು. ಅವರ ‘ಎಕ್ಸ್‌ಪ್ರೆಸೊ’ ಕಾಫಿಯ ಯಂತ್ರ ಕೆಟ್ಟಿತ್ತು. ಅದಕ್ಕೆ ಬೇಕಾದ ಬಿಡಿಭಾಗಗಳು ಸೊರಬದಲ್ಲಿ ದೊರೆಯವಾದ್ದರಿಂದ ಬೆಂಗಳೂರಿನ ಪೇಟೆಯಲ್ಲಿ ಕೊಂಡು ತರುವ ಕೆಲಸ ನಮ್ಮ ಪಾಲಿಗೆ ಬಂದಿತ್ತು.

ಈ ಯಂತ್ರವನ್ನು ಕಾಣದ ವಾಚಕರು ವಿರಳ. ಮದುವೆಯ ಚಪ್ಪರದ ಮೂಲೆಯಲ್ಲಿ, ಮೇಜಿನ ಮೇಲೆ, ಬಿಳಿಯ ಲೋಹದ ಹಂಡೆಯೊಂದು ಗುಡಾಣದಂತೆ ನಿಂತಿರುವುದು. ಕೆಳಗೆ ಅನಿಲದ ಒಲೆ, ಮೇಲೆ ಗೇಜಿನ ಕಣ್ಣು, ಮಗ್ಗುಲಲ್ಲಿ ಸಣ್ಣ ಕೊಳವೆ. ಲೋಟದಲ್ಲಿ ಹಾಲು, ಸಕ್ಕರೆ, ಕಾಫಿಪುಡಿಗಳನ್ನು ಹಾಕಿ ಆ ಕೊಳವೆಗೆ ಒಡ್ಡಿದರೆ ಬುಸ್ಸೆಂದು ಆವಿ ನುಗ್ಗಿ ನೊರೆಯೇಳುವುದು. ಮೇಲೆ ಒಂದು ಚಿಟಿಕೆ ಕೋಕೋ ಉದುರಿಸಿ ಕೊಡುವರು. ಮಕ್ಕಳು ಕಾಫಿಗಿಂತ ಆ ಸದ್ದಿಗಾಗಿಯೇ ಸಾಲುಗಟ್ಟುವುದುಂಟು. ಆದರೆ ಇಟಲಿಯವನೊಬ್ಬನು ಬಂದು ನೋಡಿದರೆ ಇದನ್ನು ಎಸ್ಪ್ರೆಸೊ ಎಂದು ಒಪ್ಪಲಾರನು. ಅವರ ಯಂತ್ರದ ಕೆಲಸ ಹಾಲು ಕಾಯಿಸುವುದಲ್ಲ, ಕಾಫಿಪುಡಿಯ ಮೂಲಕ ಬಿಸಿನೀರನ್ನು ಒತ್ತಿ ಕಷಾಯ ತೆಗೆಯುವುದು. ೧೮೮೪ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಎಂಬಾತನು ಅಂಥ ಯಂತ್ರಕ್ಕೆ ಮೊದಲು ಹಕ್ಕುಪತ್ರ ಪಡೆದನು. ೧೯೦೧ರಲ್ಲಿ ಮಿಲಾನಿನ ಲುಯಿಜಿ ಬೆಟ್ಸೆರ ಅದನ್ನು ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬಟ್ಟಲು ಇಳಿಸುವಂತೆ ತಿದ್ದಿದನು. ಪವೋನಿ ಎಂಬಾತನು ಆ ಹಕ್ಕನ್ನು ಕೊಂಡು ಮಾರಾಟಕ್ಕೆ ತಂದನು. ಅವುಗಳಲ್ಲಿ ಆವಿಯ ಒತ್ತಡವೇ ನೀರನ್ನು ನೂಕಬೇಕಾಗಿದ್ದುದರಿಂದ ಕಾಫಿ ಕರಕಲಾಗುತ್ತಿತ್ತು. ಅಕೀಲೆ ಗಾಜ್ಜಿಯ ಎಂಬವನು ೧೯೩೮ರಿಂದ ಹತ್ತು ವರ್ಷ ತಲೆಕೆಡಿಸಿಕೊಂಡು, ಸನ್ನೆಗೋಲನ್ನೆಳೆದು ಸ್ಪ್ರಿಂಗಿನ ಬಲದಿಂದ ನೀರನ್ನು ನೂಕುವ ಉಪಾಯ ಮಾಡಿದಮೇಲೆ ಬಟ್ಟಲಿನ ಮೇಲೆ ಹೊಂಬಣ್ಣದ ಕೆನೆ ಕಟ್ಟಿತು. ೧೯೬೧ರಲ್ಲಿ ವಿದ್ಯುತ್ ಪಂಪು ಬಂದು ತೋಳಿನ ಶ್ರಮವೂ ತಪ್ಪಿತು. ನಮ್ಮ ನಾಡಿನಲ್ಲಿ ಹೆಸರು ಮಾತ್ರ ಕಡಲು ದಾಟಿ ಬಂದು ಹಾಲು ನೊರೆಯೆಬ್ಬಿಸುವ ಹಂಡೆಗೆ ಅಂಟಿಕೊಂಡಿತು. ನಿಜವಾದ ಇಟಲಿಯ ಯಂತ್ರಗಳ ಬಳಕೆ ಹೆಚ್ಚಿದುದು ೧೯೯೬ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಬಾಗಿಲು ತೆರೆದ ತರುವಾಯ. ಈಗ ಅವು ತಾಲ್ಲೂಕು ಕೇಂದ್ರಗಳನ್ನೂ ತಲುಪಿವೆ. ಯಂತ್ರ ತಲುಪಿದಷ್ಟು ಸುಲಭವಾಗಿ ಅದರ ವಾಷರು ತಲುಪುವುದಿಲ್ಲ. ಈ ಪ್ರಯಾಣದ ತಿರುಳೆಲ್ಲ ಅಷ್ಟೇ.

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು ೫೦ ಕಿಲೋಮೀಟರು. ಬಸ್ಸು ಬೆಳಗಿನ ತಂಪಿನಲ್ಲಿ ಹೊರಟಿತು. ಮಲೆನಾಡು ಬಯಲಾಗುವ, ಬಯಲು ಮಲೆನಾಡಾಗುವ ಅಂಚಿನ ಸೀಮೆ ಇದು. ಒಂದು ತಿರುವಿನಲ್ಲಿ ಅಡಿಕೆಯ ತೋಟ, ಮುಂದಿನದರಲ್ಲಿ ಕೊಯ್ದು ಮುಗಿದ ಜೋಳದ ಹೊಲ, ನಡುನಡುವೆ ನೀರಿಳಿದ ಕೆರೆಗಳು. ಶಿಕಾರಿಪುರದಲ್ಲಿ ಇಳಿದು, ಊರದೇವರಾದ ಹುಚ್ಚರಾಯಸ್ವಾಮಿಗೆ ಕೈಮುಗಿದು, ಫಲಹಾರಕ್ಕೆಂದು ಒಂದು ಹೋಟಲನ್ನು ಹೊಕ್ಕೆವು. ಅಲ್ಲಿ ಹಿತ್ತಾಳೆಯ ಫಿಲ್ಟರಿನ ಕಾಫಿ. ಆ ಫಿಲ್ಟರಿಗೆ ಬಿಡಿಭಾಗವೆಂದರೆ ಒಂದು ತೂತಿನ ಬಿಲ್ಲೆ, ಒಂದು ಒತ್ತುಗೋಲು, ಮುಚ್ಚಳ. ಕೆಡುವುದಕ್ಕೆ ಏನೂ ಇಲ್ಲ, ತೂತು ಕಟ್ಟಿದರೆ ಕೆಂಡದ ಮೇಲೆ ಹಿಡಿದು ತಟ್ಟಿದರಾಯಿತು. ಹೋಟಲಿನ ಯಜಮಾನರು ಹೆಮ್ಮೆಯಿಂದಲೇ ಹೇಳಿದರು: “ಇದು ನಮ್ಮ ತಂದೆಯವರ ಕಾಲದ್ದು ಸ್ವಾಮಿ. ಇದಕ್ಕೆ ರಿಪೇರಿಯವನ ಮುಖವೇ ಗೊತ್ತಿಲ್ಲ.” ತರುವಾಯ ಕೊಂಚ ವ್ಯಂಗ್ಯದಿಂದ ಎದುರು ಬೀದಿಯ ಕಡೆಗೆ ಗಲ್ಲ ಎತ್ತಿ, “ರಿಪೇರಿ ನೋಡಬೇಕಾದರೆ ಅಲ್ಲಿಗೆ ಹೋಗಿ” ಎಂದರು.

ಅಲ್ಲಿ ಒಬ್ಬ ತರುಣನು ಕಾಫಿಯ ಅಂಗಡಿ ಇಟ್ಟಿದ್ದನು. ಬೆಂಗಳೂರಿನಲ್ಲಿ ಮುಚ್ಚಿಹೋದ ಅಂಗಡಿಯೊಂದರಿಂದ ಎರಡು ತಲೆಯ ಇಟಲಿಯ ಯಂತ್ರವನ್ನು ಅಗ್ಗಕ್ಕೆ ಕೊಂಡು ತಂದಿದ್ದನು. ಆತನು ನಮ್ಮ ಪೊಟ್ಟಣವನ್ನು ಬಿಚ್ಚಿ ನೋಡಿದ ಬಗೆಯಲ್ಲಿಯೇ ಅವನ ಕಷ್ಟ ತಿಳಿಯುತ್ತಿತ್ತು; ಹಸಿದವನು ಬುತ್ತಿ ನೋಡುವ ಬಗೆ ಅದು. “ತಲೆಯ ಗ್ಯಾಸ್ಕೆಟ್ ಇಲ್ಲವೇ?” ಎಂದು ಕೇಳಿದನು. ಇರಲಿಲ್ಲ. ಎರಡು ತಲೆಗಳಲ್ಲಿ ಒಂದರ ಗ್ಯಾಸ್ಕೆಟ್ ಸವೆದು, ಆ ತಲೆಗೆ ಬಟ್ಟೆ ಹೊದಿಸಿ ೧೨ ದಿನಗಳಾಗಿದ್ದುವು. ಹೊಸದು ಕೊರಿಯರಿನಲ್ಲಿ ಬರುತ್ತಲೇ ಇತ್ತು.

ಗ್ಯಾಸ್ಕೆಟ್ ಎಂದರೆ ಒಂದು ರಬ್ಬರು ಬಳೆ. ಮನೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಕ್ಕರಿನ ಮುಚ್ಚಳದೊಳಗಿನ ಬಳೆ ಸಡಿಲಾದಾಗ ಬೇಳೆ ಬೇಯದೆ ಬದಿಯಲ್ಲಿ ಹೊಗೆಯಾಡುವುದನ್ನು ಎಲ್ಲರೂ ಬಲ್ಲರು. ಆದರೆ ಕುಕ್ಕರಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚೆಂದರೆ ಒಂದು ಪಾಲು ಅಧಿಕ. ಈ ಯಂತ್ರದಲ್ಲಿ ಒಂಬತ್ತು ಪಾಲು. ಕಾಫಿಪುಡಿ ತುಂಬುವ ಹಿಡಿಬಟ್ಟಲಿನ ಅಗಲ ೫೮ ಮಿಲಿಮೀಟರು, ಎಂದರೆ ಮೂರು ಬೆರಳಿನಷ್ಟು. ಆ ಮೂರು ಬೆರಳಗಲದ ಮೇಲೆ ಬೀಳುವ ಬಲವನ್ನು ಲೆಕ್ಕಹಾಕಿದರೆ ಸುಮಾರು ೨೪೦ ಕಿಲೋ ಭಾರವಾಗುತ್ತದೆ. ೫೦ ಕಿಲೋ ಅಕ್ಕಿಯ ಚೀಲಗಳು ಹೆಚ್ಚುಕಡಿಮೆ ಐದನ್ನು ಆ ಬಟ್ಟಲಿನ ಮೇಲೆ ಪೇರಿಸಿದಂತೆ! ಇದನ್ನೆಲ್ಲ ತಡೆದು ನಿಲ್ಲಿಸುವುದು ಎಂಟು ಮಿಲಿಮೀಟರು ದಪ್ಪದ ಆ ಬಳೆ. ಬಹುಮಂದಿ ಬಳಸುವ ಒಂದು ಮಾದರಿಯ ಯಂತ್ರಕ್ಕೆ ಅದರ ಹೊರ ಅಗಲ ೭೩, ಒಳ ಅಗಲ ೫೭ ಮಿಲಿಮೀಟರು. ಅರ್ಧ ಮಿಲಿಮೀಟರು ದಪ್ಪ ಹೆಚ್ಚಾದರೆ ಹಿಡಿ ಪೂರಾ ತಿರುಗದು, ಕಡಿಮೆಯಾದರೆ ಕೊನೆಯನ್ನು ಮೀರಿ ತಿರುಗಿ ಬಿಸಿನೀರು ಕೈಮೇಲೆ ಚಿಮ್ಮುವುದು.

ತರುಣನು ಸುಮ್ಮನೆ ಕುಳಿತಿರಲಿಲ್ಲ. ಪಂಪುಸೆಟ್ಟಿನ ಅಂಗಡಿಯಲ್ಲಿ ರಬ್ಬರಿನ ಹಾಳೆ ಕೊಂಡು, ಕೈವಾರದಿಂದ ಗುಂಡಗೆ ಗೀರಿ, ಚೂರಿಯಿಂದ ಬಳೆ ಕೊಯ್ದು ಹಾಕಿ ನೋಡಿದ್ದನು. ನೀರೇನೋ ನಿಂತಿತಂತೆ; ಆದರೆ ಮೂರನೆಯ ದಿನ ಗಿರಾಕಿಯೊಬ್ಬರು ಬಟ್ಟಲನ್ನು ಮೂಗಿನ ಬಳಿ ಹಿಡಿದು, “ಏನಪ್ಪಾ, ಟ್ರಾಕ್ಟರಿನ ಗಾಲಿ ಕುದಿಸಿದೆಯಾ?” ಎಂದುಬಿಟ್ಟರು. ಅದೇ ದಿನ ಆ ಬಳೆಯನ್ನು ಕಿತ್ತೆಸೆದನು. ರಬ್ಬರಿನಲ್ಲಿಯೂ ಜಾತಿಗಳಿವೆ. ಪಂಪು, ಟ್ರಾಕ್ಟರುಗಳ ಅಂಗಡಿಯಲ್ಲಿ ದೊರೆಯುವ ಕರಿಯ ನೈಟ್ರೈಲ್ ಬಳೆಗಳು ಎಣ್ಣೆಗೆ ಹೇಳಿ ಮಾಡಿಸಿದವು. ಆವಿಗೆ ಬಲುಬೇಗ ಗಡುಸಾಗಿ ಬಿರಿಯುವುವು. ಆವಿಗೆ ತಕ್ಕ ಇ.ಪಿ.ಡಿ.ಎಂ. ಎಂಬ ಜಾತಿ ಎಣ್ಣೆ ಸೋಕಿದರೆ ಊದಿಕೊಳ್ಳುವುದು. ಕಣ್ಣಿಗೆ ಎರಡೂ ಒಂದೇ ಕರಿ ಬಳೆ. ಸಿಲಿಕೋನಿನದಾದರೆ ಮೃದು, ವಾಸನೆಯಿಲ್ಲ, ಬೆಲೆ ಹೆಚ್ಚು. ಶಿಕಾರಿಪುರದ ಪೇಟೆ ರೈತರ ಪೇಟೆ. ಮೊದಲನೆಯದು ಬೇಕಾದಷ್ಟು ದೊರೆಯುವುದು, ಉಳಿದೆರಡನ್ನು ಹೊರಗಿನಿಂದ ತರಿಸಬೇಕು.

ಇದಕ್ಕೆ ವಿರುದ್ಧವಾದ ಸಂತೋಷದ ಮಾತೊಂದನ್ನು ಆತನೇ ತೋರಿಸಿಕೊಟ್ಟನು. ಯಂತ್ರದ ಹಿಂಭಾಗದ ನೀರಿನ ಕೊಳವೆಯ ಕೂಡುಭಾಗ ಒಡೆದಾಗ, ಇಟಲಿಯಿಂದ ತರಿಸಬೇಕಾದೀತೆಂದು ಹೆದರಿದ್ದನಂತೆ. ಕೊನೆಗೆ ಅದು ಹೊಂದಿಕೊಂಡುದು ಬಚ್ಚಲಮನೆಯ ನಲ್ಲಿಯ ಸಾಮಾನು ಮಾರುವ ಅಂಗಡಿಯ ಹಿತ್ತಾಳೆಯ ತುಂಡಿಗೆ. ಇದರಲ್ಲಿ ಪವಾಡವಿಲ್ಲ. ೧೮೪೧ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ತಿರುಪುಗಳಿಗೆ ೫೫ ಡಿಗ್ರಿಯ ಒಂದೇ ಕೋನವನ್ನು ಗೊತ್ತುಮಾಡಿದನು. ಆ ಮನೆತನದ ಕೊಳವೆ ತಿರುಪು ಬ್ರಿಟಿಷರೊಡನೆ ನಮ್ಮ ನಾಡಿಗೂ ಬಂದಿತು, ಯುರೋಪಿನಲ್ಲಿಯೂ ನೆಲೆಯೂರಿತು. ಆದ್ದರಿಂದ ಮಿಲಾನಿನ ಯಂತ್ರಕ್ಕೂ ಶಿಕಾರಿಪುರದ ನಲ್ಲಿಗೂ ನೆಂಟಸ್ತಿಕೆ ಕೂಡಿಬರುತ್ತದೆ. ಅರ್ಧ ಇಂಚಿನದೆಂದು ಕರೆಯುವ ಈ ತಿರುಪನ್ನು ಅಳೆದರೆ ಅರ್ಧ ಇಂಚು ಎಲ್ಲಿಯೂ ಸಿಕ್ಕುವುದಿಲ್ಲ. ಹೊರ ಅಗಲ ೨೧ ಮಿಲಿಮೀಟರಿನ ಸನಿಹ. ಹೆಸರು ಒಳಗಿನ ತೂತಿಗೆ ಇಟ್ಟದ್ದು, ಮೈಗಲ್ಲ. ಹೊಂದಿತೆಂದಮಾತ್ರಕ್ಕೆ ಎಲ್ಲವನ್ನೂ ಹಾಕಬಾರದೆಂಬುದನ್ನೂ ಹೇಳಬೇಕು. ನಲ್ಲಿಯ ಹಿತ್ತಾಳೆಯಲ್ಲಿ ಸೀಸದ ಅಂಶ ಇರಬಹುದು. ತಣ್ಣೀರು ಬರುವ ಕಡೆಗೆ ಅದು ನಡೆದರೂ, ಕುದಿನೀರು ನಿಂತೇ ಇರುವ ಜಾಗಕ್ಕೆ ಸಲ್ಲದು.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಸುಮಾರು ೨೦ ಕಿಲೋಮೀಟರು. ಬಳ್ಳಿಗಾವಿ ಅಲ್ಲಿಗೆ ಸಮೀಪ. ಬಿಸಿಲೇರುವ ಮೊದಲು ಒಂದು ಗಳಿಗೆ ಹೋಗಿಬಂದೆವು. ಕೇದಾರೇಶ್ವರನ ಮಂಟಪದ ಕಂಬಗಳನ್ನು ನೋಡಿದವರಿಗೆ, ಕಲ್ಲನ್ನು ಚರಕಿಗೆ ಕಟ್ಟಿ ತಿರುವಿ ಕಡೆದಂತೆ ತೋರುವ ಆ ಉಂಗುರಗಳ ನುಣುಪು ಮರೆಯದು. ಬೆರಳನ್ನು ಆ ಸಂದುಗಳಲ್ಲಿ ಆಡಿಸುತ್ತ, ಇಂಥ ಕೈಗಳಿದ್ದ ಸೀಮೆಯಲ್ಲಿ ಒಂದು ವಾಷರಿಗೆ ಪರದಾಡಬೇಕೇ ಎಂಬ ಯೋಚನೆ ಬಂದಿತು. ಅರ್ಧ ಗಂಟೆಯಲ್ಲಿ ಅದಕ್ಕೆ ಉತ್ತರವೂ ದೊರೆಯಿತು.

ಶಿರಾಳಕೊಪ್ಪದಲ್ಲಿ ಲೇತ್ ಇಟ್ಟುಕೊಂಡ ಒಬ್ಬ ಸಾಹೇಬರನ್ನು ಕಂಡು ಹೋಗಬೇಕೆಂದು ಭಾವನವರು ಮೊದಲೇ ತಿಳಿಸಿದ್ದರು. ತಗಡಿನ ಮಾಡಿನ ಕೆಳಗೆ, ಎಣ್ಣೆಯ ನೆಲದ ಮೇಲೆ, ಬಿಳಿಯ ಗಡ್ಡದ ಆ ಹಿರಿಯರು ಪವರ್ ಟಿಲ್ಲರಿನ ಯಾವುದೋ ದಂಡವನ್ನು ಕಡೆಯುತ್ತಲಿದ್ದರು. ಕೆಲಸ ಮುಗಿಯುವವರೆಗೆ ತಲೆಯೆತ್ತಲಿಲ್ಲ; ಮುಗಿದಮೇಲೆ ಕೈ ಒರಸಿಕೊಂಡು, “ಬನ್ನಿ, ಕೂತುಕೊಳ್ಳಿ, ಚಹಾ ತರಿಸುತ್ತೇನೆ” ಎಂದರು. ಕಾಫಿಯ ಹಂಡೆಗಳ ಬೇನೆಯನ್ನು ಇವರಷ್ಟು ಬಲ್ಲವರನ್ನು ನಾವು ಕಂಡಿಲ್ಲ. ಆವಿಯ ನಲ್ಲಿಯ ಒಳಗಿನ ಕಡ್ಡಿ ಸವೆದರೆ ಹಿತ್ತಾಳೆಯ ಸರಳಿನಿಂದ ಹೊಸದನ್ನು ಕಡೆದುಕೊಡುವರು. ಕೊಳವೆಯ ಮೂತಿಯ ತೂತು ಹಾಲು ಹತ್ತಿ ಮುಚ್ಚಿದ್ದರೆ ಸೂಜಿಯಿಂದ ಬಿಡಿಸುವರು, ಅಗಲವಾಗಿದ್ದರೆ ಹೊಸ ಮೂತಿ ಮಾಡುವರು. ನಲ್ಲಿಯ ಕುತ್ತಿಗೆಗೆ ಸುತ್ತುವ ಹುರಿ ಮೊದಲು ಕಲ್ನಾರಿನದಾಗಿತ್ತು. ಅದರ ನವುರು ದೂಳು ಎದೆಗೆ ಕೇಡೆಂದು ತಿಳಿದಮೇಲೆ ಬಿಟ್ಟು, ಈಗ ಗ್ರಾಫೈಟಿನ ಹುರಿಯನ್ನೋ ಟೆಫ್ಲಾನನ್ನೋ ಸುತ್ತುತ್ತಾರೆ. ಮುರಿದ ಪ್ಲಾಸ್ಟಿಕ್ ಹಿಡಿಗೆ ಬದಲಾಗಿ ಸಾಗುವಾನಿಯ ಹಿಡಿಯನ್ನೂ ಕಡೆದಿಟ್ಟಿದ್ದರು. ಅಂಥದು ಕೈಸುಡುವುದಿಲ್ಲ, ನೋಡಲಿಕ್ಕೂ ಚೆಲುವು.

ನಾವು ತಂದ ಸೇಫ್ಟಿ ವಾಲ್ವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, “ಒಳ್ಳೆಯದು ತಂದಿದ್ದೀರಿ. ಇದೊಂದನ್ನು ನಾನು ಮಾಡುವುದಿಲ್ಲ” ಎಂದರು.

“ಯಾಕೆ ಸಾಹೇಬರೆ? ಇದೂ ಹಿತ್ತಾಳೆಯೇ ತಾನೇ?”

“ಮೈ ಹಿತ್ತಾಳೆ. ಜೀವ ಸ್ಪ್ರಿಂಗಿನಲ್ಲಿ. ಎಷ್ಟು ಒತ್ತಡಕ್ಕೆ ಏಳಬೇಕೋ ಅಷ್ಟಕ್ಕೇ ಏಳಬೇಕು. ಅದನ್ನು ಅಳೆಯುವ ಸಾಧನ ನನ್ನಲ್ಲಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಸೋರುತ್ತದೆ, ಇದರ ಜಾಗಕ್ಕೆ ಒಂದು ಬಿರಡೆ ಮಾಡಿಕೊಡಿ ಎಂದು ಕೇಳಿಕೊಂಡು ಬರುತ್ತಾರೆ. ಐವತ್ತು ರೂಪಾಯಿಯ ಕೆಲಸ. ನಾನು ಮಾಡುವುದಿಲ್ಲ. ಮಾಡುವವರು ಸಿಕ್ಕುತ್ತಾರೆ” ಎಂದರು.

ಸೇಫ್ಟಿ ವಾಲ್ವಿನ ವಿಚಾರವನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳುವುದು ಉಚಿತ. ೧೬೭೯ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ಪಂಡಿತನು ಎಲುಬನ್ನೂ ಮೆತ್ತಗೆ ಬೇಯಿಸುವ ಮುಚ್ಚಿದ ಪಾತ್ರೆಯನ್ನು ಲಂಡನ್ನಿನ ವಿದ್ವತ್ಸಭೆಗೆ ತೋರಿಸಿದನು. ನಮ್ಮ ಕುಕ್ಕರುಗಳ ಮೂಲಪುರುಷನು ಅವನೇ. ಒತ್ತಡ ಮಿತಿಮೀರಿದರೆ ತಾನಾಗಿ ತೆರೆಯುವ ತೂಕದ ಕವಾಟವನ್ನು ಕಂಡುಹಿಡಿದವನೂ ಅವನೇ. ಕುಕ್ಕರಿನ ಮೇಲೆ ಸಿಳ್ಳು ಹಾಕುವ ತೂಕ ಒಂದು ಕಾವಲು. ಅದು ಕಟ್ಟಿಕೊಂಡರೆ ಕರಗಿ ದಾರಿಬಿಡುವ ಲೋಹದ ಬಿಲ್ಲೆ ಎರಡನೆಯ ಕಾವಲು. ಕಾಫಿಯ ಹಂಡೆಗೆ ಇರುವುದು ಸಾಮಾನ್ಯವಾಗಿ ಒಂದೇ ಕಾವಲು. ಹಂಡೆಯಲ್ಲಿ ೧೫ ಲೀಟರು ನೀರು, ಗೇಜಿನ ಮುಳ್ಳು ಒಂದರ ಮೇಲೆ ಇದೆಯೆನ್ನಿ. ಆಗ ಒಳಗಿನ ನೀರಿನ ಬಿಸುಪು ೧೦೦ ಡಿಗ್ರಿಯಲ್ಲ, ೧೨೦. ಅದು ಕುದಿಯದೆ ಇರುವುದು ಒತ್ತಡದ ದೆಸೆಯಿಂದ ಮಾತ್ರ. ಹಂಡೆ ಸೀಳಿತೆಂದರೆ ಆ ಹೆಚ್ಚಿನ ೨೦ ಡಿಗ್ರಿಯ ಕಾವು ಕ್ಷಣಮಾತ್ರದಲ್ಲಿ ಅರ್ಧ ಲೀಟರಿಗೂ ಮಿಕ್ಕ ನೀರನ್ನು ಆವಿಯಾಗಿಸುವುದು. ಅಷ್ಟು ನೀರಿನ ಆವಿ ತುಂಬುವ ಜಾಗ ೯೦೦ ಲೀಟರಿನ ಸನಿಹ. ಉಳಿದ ನೀರೆಲ್ಲ ಕುದಿಯುತ್ತ ಅದರೊಡನೆ ಹಾರುವುದು. ವಾಲ್ವಿಗೆ ಬಿರಡೆ ಹೊಡೆದ ಹಂಡೆಯಲ್ಲಿ ಮುಳ್ಳು ಒಂದರ ಮೇಲೆಯೇ ನಿಲ್ಲುವುದೆಂದು ಯಾರೂ ಹೇಳಲಾರರು. ಸರ್ಕಾರದ ಬಾಯ್ಲರು ಕಾನೂನು ೧೯೨೩ರಿಂದ ಇತ್ತು, ೨೦೨೫ರಲ್ಲಿ ಹೊಸದಾಗಿ ಬಂದಿದೆ. ಆದರೆ ೨೫ ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಚಪ್ಪರದ ಮೂಲೆಯ ಹಂಡೆಯನ್ನು ನೋಡುವ ಅಧಿಕಾರಿಯಿಲ್ಲ. ಅದನ್ನು ಕೊಂಡವರು, ಬಾಡಿಗೆಗೆ ತಂದವರು, ಪಕ್ಕದಲ್ಲಿ ಲೋಟ ಹಿಡಿದು ನಿಂತವರು, ಇವರೇ ನೋಡಿಕೊಳ್ಳಬೇಕು.

ಸೊರಬಕ್ಕೆ ಸಂಜೆ ನಾಲ್ಕಕ್ಕೆ ಸೇರಿದೆವು. ದಂಡಾವತಿಯ ಪಾತ್ರದಲ್ಲಿ ನೀರು ಸಣ್ಣಗಾಗಿತ್ತು. ಮರುದಿನ ಬೆಳಗ್ಗೆ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ. ಭಾವನವರ ಪಾತ್ರೆಗಳು ಆಗಲೇ ಹೋಗಿದ್ದುವು, ಹಂಡೆ ಮಾತ್ರ ಜಗಲಿಯ ಮೇಲೆ ನಮ್ಮನ್ನೇ ಕಾಯುತ್ತಿತ್ತು. ಹೋದ ವರ್ಷದ ಕೊನೆಯಲ್ಲಿ, ಊರಿಗೆ ಬಂದಿದ್ದ ಯಾರೋ ರಿಪೇರಿಯವನಿಗೆ ಅದನ್ನು ಒಪ್ಪಿಸಿದ್ದರಂತೆ. ಗೇಜು ಕೆಟ್ಟದ್ದು, ಗಾಜು ಒಡೆದದ್ದು ಅವರಿಗೆ ಗೊತ್ತಿತ್ತು. ಸೇಫ್ಟಿ ವಾಲ್ವು “ಹಳತಾಯಿತು, ಒಂದಿರಲಿ” ಎಂದು ಹೇಳಿ ತರಿಸಿದ್ದರು. ನಾವು ಹಳೆಯದನ್ನು ಬಿಚ್ಚಲು ತಲೆಯ ಮೇಲಿನ ಟೋಪಿಯಂಥ ತಗಡನ್ನು ತೆಗೆದರೆ, ಅಲ್ಲಿ ವಾಲ್ವೇ ಇರಲಿಲ್ಲ. ಹಿತ್ತಾಳೆಯ ಗಟ್ಟಿ ಬಿರಡೆಯೊಂದು ಕುಳಿತಿತ್ತು. ಅದರ ನೆತ್ತಿ ಲೇತಿನ ಹೊಸ ಹೊಳಪಿನಲ್ಲಿ ಇನ್ನೂ ಮಿನುಗುತ್ತಿತ್ತು.

ಭಾವನವರು ಬಹಳ ಹೊತ್ತು ಮಾತಾಡಲಿಲ್ಲ. ಈ ಹಂಗಾಮಿನಲ್ಲಿ ಆ ಹಂಡೆ ಏಳು ಮದುವೆಗಳಿಗೆ ಹೋಗಿಬಂದಿತ್ತು. ಆ ಏಳರಲ್ಲಿ ಒಂದು ಅವರ ತಮ್ಮನ ಮಗಳದೇ.

ಬಿರಡೆಯನ್ನು ಬಿಚ್ಚಿ ನಮ್ಮ ವಾಲ್ವನ್ನು ಇಟ್ಟರೆ ಅದು ತೂತಿನೊಳಗೆ ಸಲೀಸಾಗಿ ಇಳಿದು ಅಲುಗಾಡಿತು. ಹಂಡೆ ಮಾಡಿದವರ ತಗಡಿನ ಮೇಲೆ ಕೆತ್ತಿದಂತೆ ಅಲ್ಲಿ ಇರಬೇಕಾದ ತಿರುಪು ಮೂರು ಸೂತಿನದು, ನಾವು ತಂದುದೂ ಅದೇ. ಬಿರಡೆ ಹಾಕಿದವನು ಸವೆದ ತಿರುಪನ್ನು ಕೆರೆದು ಅರ್ಧ ಇಂಚಿಗೆ ಹಿಗ್ಗಿಸಿದ್ದನು. ನಡುವೆ ಒಂದು ಹಿತ್ತಾಳೆಯ ಬುಷ್ ಬೇಕು, ಹೊರಗೆ ಅರ್ಧ ಇಂಚು, ಒಳಗೆ ಮೂರು ಸೂತು. ಸೊರಬದ ಎರಡು ಅಂಗಡಿಗಳಲ್ಲಿ ಕೇಳಿಸಿದೆವು. ಪ್ಲಾಸ್ಟಿಕ್ಕಿನದು ಇತ್ತು, ಆವಿಗೆ ಅದು ಬೆಣ್ಣೆಯೇ ಸರಿ. ಶಿರಾಳಕೊಪ್ಪಕ್ಕೆ ಫೋನು ಮಾಡಿದರೆ ಸಾಹೇಬರು ಅಂಗಡಿ ಮುಚ್ಚಿ ಮನೆಗೆ ಹೋಗಿದ್ದರು. “ನಾಳೆ ಹತ್ತಕ್ಕೆ ಕೊಡುತ್ತೇನೆ” ಎಂದರು. ಮದುವೆಯ ಮನೆಯಲ್ಲಿ ಕಾಫಿ ಬೇಕಾದುದು ಬೆಳಗಿನ ಆರಕ್ಕೆ.

“ಇಷ್ಟು ದಿನ ಏನೂ ಆಗಲಿಲ್ಲವಲ್ಲ. ನಾಳೆ ಒಂದು ದಿನ ಸಣ್ಣ ಉರಿಯಲ್ಲಿ ನಡೆಸಿ, ನಾಡಿದ್ದು ಸರಿಮಾಡಿಸಿದರೆ ಹೇಗೆ?” ಎಂದು ಭಾವನವರು ನಮ್ಮ ಮುಖ ನೋಡಿದರು. ಅದು ದುರಾಸೆಯ ಮಾತಾಗಿರಲಿಲ್ಲ. ಮುಂಗಡ ತೆಗೆದುಕೊಂಡಿದ್ದರು, ಮದುವೆಯ ಮನೆಯವರಿಗೆ ಮಾತು ಕೊಟ್ಟಿದ್ದರು, ಮಾತು ತಪ್ಪಿದರೆ ಮುಂದಿನ ವರ್ಷ ಆ ಊರಿನವರು ಬೇರೆಯವರನ್ನು ಕರೆಯುವರು. ಗೇಜು ಹೊಸದು ಬಂದಿದೆ, ಮುಳ್ಳಿನ ಮೇಲೆ ಒಂದು ಕಣ್ಣಿಟ್ಟಿದ್ದರಾಯಿತಲ್ಲವೇ ಎಂಬ ವಾದವೂ ಇತ್ತು. ಚಪ್ಪರದಲ್ಲಿ ಮುನ್ನೂರು ಜನರ ಗದ್ದಲದ ನಡುವೆ ಮುಳ್ಳಿನ ಮೇಲೆ ಕಣ್ಣಿಡುವವರು ಯಾರೆಂದು ನಾವು ಕೇಳಬೇಕೆನ್ನುವಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು. ಮಾತೆಲ್ಲ ಅವಳಿಗೆ ಕೇಳಿಸಿತ್ತು. ಬಿರಡೆಯನ್ನು ನೆಲದಿಂದ ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಇದು ಇನ್ನು ಹಂಡೆಗೆ ಹೋಗುವುದಿಲ್ಲ. ಆ ಹಂಡೆಯ ಸುತ್ತ ಯಾರು ನಿಲ್ಲುತ್ತಾರೆಂದು ನೀನೇ ನೋಡಿದ್ದೀಯಲ್ಲ ತಮ್ಮಾ, ಎಲ್ಲ ಮೊಳಕಾಲುದ್ದದ ಮಕ್ಕಳು. ಕಾಫಿಗೇನು? ನಮ್ಮ ಮನೆಯ ದೊಡ್ಡ ಡಿಕಾಕ್ಷನ್ ಪಾತ್ರೆ ಅಟ್ಟದ ಮೇಲಿದೆ. ಪುಡಿ ಹೆಚ್ಚಿಗೆ ತರಿಸಿ, ನಾನೇ ಬರುತ್ತೇನೆ.”

ಹಾಗೆಯೇ ಆಯಿತು. ಬೆಳಗಿನ ಮೂರು ಗಂಟೆಗೆ ಅಟ್ಟದ ಪಾತ್ರೆ, ಹೊಸ ಪಂಜೆಯ ಬಟ್ಟೆ, ಪುಡಿಯ ಪೊಟ್ಟಣಗಳು, ಅಕ್ಕ, ಭಾವನವರು, ನಾವು, ಎಲ್ಲರೂ ಒಂದೇ ಗೂಡ್ಸ್ ಆಟೋದಲ್ಲಿ ಹೊರಟೆವು. ಗಂಡಿನ ಕಡೆಯ ಹಿರಿಯರೊಬ್ಬರು, “ಮಿಷನ್ ಕಾಫಿ ಎಂದಿದ್ದರಲ್ಲ?” ಎಂದು ಮೂರು ಸಲ ಕೇಳಿದರು. ಮೂರು ಲೋಟ ಕುಡಿದೇ ಕೇಳಿದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಭಾವನವರು ಹಂಡೆಯ ಬಾಡಿಗೆಯನ್ನು ಲೆಕ್ಕದಿಂದ ಹೊಡೆದುಹಾಕಿದರು. ಯಂತ್ರ ಯಾಕೆ ಬರಲಿಲ್ಲವೆಂಬುದನ್ನು ಹುಡುಗಿಯ ತಂದೆಗೆ ಇದ್ದಂತೆ ಹೇಳಿದರು. ಆತನು ಬೇಸರಿಸಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಅವನಿಗೆ ಆ ದಿನ ಬೇರೆ ನೂರು ಚಿಂತೆಗಳಿದ್ದುವು.

ಮಧ್ಯಾಹ್ನ ಹಂಡೆಯನ್ನೇ ಶಿರಾಳಕೊಪ್ಪಕ್ಕೆ ಒಯ್ದೆವು. ಸಾಹೇಬರು ಬುಷ್ ಕಡೆದಿಟ್ಟಿದ್ದರು. ಆದರೆ ಅದನ್ನು ಹಾಕುವ ಮೊದಲು ಹಂಡೆಯ ಒಳಗನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ ತಲೆಯಾಡಿಸಿದರು. ಬೋರಿನ ನೀರು ಕಾಸಿ ಕಾಸಿ ಗೋಡೆಗೆ ಸುಣ್ಣದ ಕಲ್ಲು ಕಟ್ಟಿತ್ತು. ಹಳೆಯ ವಾಲ್ವು ಸೋರಿದ್ದಕ್ಕೂ ಪ್ರಾಯಶಃ ಅದೇ ಕಾರಣವೆಂದರು. ಕಲ್ಲಿನ ಒಂದು ಹರಳು ವಾಲ್ವಿನ ಪೀಠದಲ್ಲಿ ಸಿಕ್ಕಿಕೊಂಡರೆ ಅದು ಪೂರಾ ಮುಚ್ಚದೆ ಹನಿಯುತ್ತದೆ. ತೊಳೆದು ಹಾಕಿದ್ದರೆ ಮುಗಿಯುತ್ತಿದ್ದ ಕೆಲಸ! ಕಿರಾಣಿ ಅಂಗಡಿಯಿಂದ ನಿಂಬೆ ಉಪ್ಪು ತರಿಸಿ, ಬಿಸಿನೀರಿನಲ್ಲಿ ಕರಗಿಸಿ ತುಂಬಿಸಿ ಎರಡು ಗಂಟೆ ಬಿಟ್ಟರು. ನೊರೆಯೆದ್ದು ನಿಂತಮೇಲೆ ಚೆಲ್ಲಿ ಮೂರು ಸಲ ಗಲಬರಿಸಿದರೆ ತಾಮ್ರದ ತಳ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನಮ್ಮ ಮನೆಗಳಲ್ಲಿ ಹುಣಿಸೆಹಣ್ಣು ತಿಕ್ಕಿ ತಾಮ್ರ ಬೆಳಗುವಂತೆಯೇ ಇದೂ ಹುಳಿಯ ಕೆಲಸ. ಭಾವನವರ ಮನೆಯ ಹಿತ್ತಲ ಬಾವಿಯದು ಮೆದು ನೀರು, ಅದರಲ್ಲಿ ಬೇಳೆ ಬೇಗ ಬೇಯುತ್ತದೆ ಎಂದು ಅಕ್ಕ ಹೇಳುವುದುಂಟು. ಹಂಡೆಗೂ ಇನ್ನು ಆ ನೀರೇ ಎಂದು ನಿಶ್ಚಯವಾಯಿತು.

ತರುವಾಯ ಪರೀಕ್ಷೆ. ಹಂಡೆಯನ್ನು ತಣ್ಣೀರಿನಿಂದ ಗಾಳಿಯ ಗುಳ್ಳೆಯೊಂದೂ ಉಳಿಯದಂತೆ ತುಂಬಿಸಿ, ಕೈಪಂಪಿನಿಂದ ಒತ್ತಡ ಏರಿಸುತ್ತ ಹೋದರು. ವಾಲ್ವಿನ ಜಾಗವನ್ನು ಆ ಹೊತ್ತಿಗೆ ಮಾತ್ರ ಬಿರಡೆಯಿಂದ ಮುಚ್ಚಬೇಕಾಗಿ ಬಂದು ಅಕ್ಕನ ಸೆರಗಿನ ಗಂಟನ್ನು ಬಿಚ್ಚಿಸಬೇಕಾಯಿತು. ನೀರಿನಲ್ಲಿಯೇ ಏಕೆಂದರೆ, ನೀರು ಆವಿಯಂತೆ ಹಿಗ್ಗುವುದಿಲ್ಲ. ಬೆಸುಗೆ ಬಿಟ್ಟರೂ ನಾಲ್ಕು ಹನಿ ಚಿಮ್ಮಿ ಸುಮ್ಮನಾಗುವುದು. ನಡೆಸುವ ಒತ್ತಡ ಒಂದಾದರೆ ಪರೀಕ್ಷೆ ಎರಡಕ್ಕೆ. ಮುಳ್ಳು ಎರಡರ ಮೇಲೆ ಹತ್ತು ನಿಮಿಷ ಕದಲದೆ ನಿಂತಿತು. ಬೆಸುಗೆಯ ಸುತ್ತ ಸಾಹೇಬರು ಒಣ ಕಾಗದದ ಚೂರನ್ನು ಒತ್ತಿ ಒತ್ತಿ ನೋಡಿದರು, ಎಲ್ಲಿಯೂ ನೆನೆಯಲಿಲ್ಲ.

ಕೊನೆಗೆ ಬುಷ್, ಅದರ ಮೇಲೆ ವಾಲ್ವು. ಅರ್ಧ ನೀರು ತುಂಬಿ ಒಲೆ ಹೊತ್ತಿಸಿ, ನಮ್ಮನ್ನೆಲ್ಲ ಗೋಡೆಯ ಆಚೆಗೆ ನಿಲ್ಲಿಸಿ, ನಲ್ಲಿಗಳನ್ನೆಲ್ಲ ಮುಚ್ಚಿದರು. ಮುಳ್ಳು ಅರ್ಧ, ಮುಕ್ಕಾಲು, ಒಂದು. ಒಂದೂಕಾಲು. ಒಂದೂವರೆಯ ಗೀಟನ್ನು ಮುಟ್ಟುತ್ತಲೇ ವಾಲ್ವು ಕಿರುಚಿ ಬಾಯಿಬಿಟ್ಟಿತು; ಬಿಳಿಯ ಆವಿ ತಗಡಿನ ಮಾಡಿಗೆ ತಾಗಿ ಹರಡಿತು. ಪಕ್ಕದ ಅಂಗಡಿಗಳ ಹುಡುಗರು ಓಡಿಬಂದರು. ಸಾಹೇಬರು ಒಲೆಯನ್ನು ತಗ್ಗಿಸಿದರು. ಮುಳ್ಳು ಇಳಿಯಿತು, ವಾಲ್ವು ಟಕ್ಕೆಂದು ಮುಚ್ಚಿಕೊಂಡಿತು. ಅವರು ಕೂಲಿ ಹೇಳಿದುದು ಬುಷ್ಷಿಗೆ ಮಾತ್ರ. ಭಾವನವರು ಹೆಚ್ಚಿಗೆ ಕೊಡಹೋದರೆ ಕೈ ಹಿಂದೆಗೆದರು.

ಆ ರಾತ್ರಿಯೇ ಭಾವನವರು ಖಾಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ಹಂಡೆಯ ಬಿಡಿಭಾಗಗಳಿಗೆಂದು ಮೀಸಲಿಟ್ಟರು. ಮಿಕ್ಕ ಗಾಜಿನ ಕೊಳವೆಯನ್ನು ಹತ್ತಿಯಲ್ಲಿ ಸುತ್ತಿ ಇಟ್ಟರು. ವಾಷರುಗಳನ್ನು ಅಳತೆಯ ಪ್ರಕಾರ ದಾರಕ್ಕೆ ಪೋಣಿಸಿದರು. ಒಂದು ಸುರುಳಿ ಗ್ರಾಫೈಟ್ ಹುರಿ, ಮೂತಿ ಬಿಡಿಸುವ ಸೂಜಿ, ನಿಂಬೆ ಉಪ್ಪಿನ ಪೊಟ್ಟಣ. ಮುಚ್ಚಳದ ಒಳಬದಿಗೆ ಕಾಗದ ಅಂಟಿಸಿ, ವಾಲ್ವು ಹಾಕಿದ ದಿನ, ತಿರುಪಿನ ಅಳತೆ, ಪರೀಕ್ಷೆಯ ಒತ್ತಡ, ಮುಂದೆ ನೋಡಬೇಕಾದ ತಿಂಗಳು ಇವನ್ನು ಬರೆದರು. ಶಿಕಾರಿಪುರದ ತರುಣನಿಗೆ ಬೇಕಾದ ೭೩, ೫೭, ೮ರ ಗ್ಯಾಸ್ಕೆಟ್ಟುಗಳನ್ನು ನಾವು ಬೆಂಗಳೂರಿಗೆ ಹಿಂದಿರುಗಿದ ವಾರವೇ ಕೊಂಡು, ಎರಡು ತಲೆಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕನ್ನು ಅಂಚೆಗೆ ಹಾಕಿದೆವು. ಬಿರಡೆ ಸೊರಬದಲ್ಲಿಯೇ ಇದೆ. ಅಕ್ಕ ಅದನ್ನು ಈಗ ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಗೆ ಇಡುತ್ತಾಳೆ.